ಮನೆಮಂದಿಯ ಫೋಟೋ ತೆಗೆಸುವ ಮುನ್ನ



ಎತ್ತು ಕೊಳ್ಳುವಾಗ ನಾವು ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಬಿತ್ತನೆಯ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ಪರೀಕ್ಷಿಸದೆ ಚೀಲ ಹೊರುವುದಿಲ್ಲ. ಆದರೆ ಮನೆಮಂದಿಯ ಫೋಟೋ ತೆಗೆಸುವ ಪ್ರಸಂಗ ಬಂದಾಗ, ಬಸ್ ನಿಲ್ದಾಣದ ಎದುರಿಗೆ ಯಾವ ಅಂಗಡಿ ಮೊದಲು ಕಣ್ಣಿಗೆ ಬಿದ್ದಿತೋ ಅಲ್ಲಿಗೆ ಹೋಗಿ ಕುಳಿತುಬಿಡುತ್ತೇವೆ. ಎತ್ತು ಹತ್ತು ಹನ್ನೆರಡು ವರ್ಷ ದುಡಿಯುತ್ತದೆ. ಬೀಜ ಒಂದು ಬೆಳೆಗೆ ಬರುತ್ತದೆ. ಚೆನ್ನಾಗಿ ತೆಗೆದು ಚೆನ್ನಾಗಿ ಕಾಪಾಡಿದ ಫೋಟೋ ಮೊಮ್ಮಕ್ಕಳ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಇಷ್ಟು ದೀರ್ಘಕಾಲ ಬಾಳುವ ವಸ್ತುವಿನ ವಿಷಯದಲ್ಲಿ ಇಷ್ಟು ಕಡಿಮೆ ವಿಚಾರ ಮಾಡುವುದು ಸರಿಯಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೆ. ಮನೆಯ ಹಿರಿಯರು ತೀರಿಕೊಳ್ಳುತ್ತಾರೆ. ದಿನಕರ್ಮಕ್ಕೆ ಫೋಟೋ ಬೇಕು. ಪೆಟ್ಟಿಗೆ ತೆಗೆದು ಹುಡುಕಿದರೆ ಸಿಗುವುದು ಮತದಾರರ ಗುರುತಿನ ಚೀಟಿ, ಇಲ್ಲವೆ ಆಧಾರ್ ಕಾರ್ಡು. ಅದರಲ್ಲಿಯ ಹೆಬ್ಬೆರಳಿನಷ್ಟು ಮುಖವನ್ನು ಅಂಗಡಿಯವರು ದೊಡ್ಡದು ಮಾಡಿ, ಮಸುಕಾದ ಕಡೆ ಬಣ್ಣ ತುಂಬಿ, ಯಾರದೋ ಕೋಟು ತೊಡಿಸಿ ಕೊಡುತ್ತಾರೆ. ಹಾರ ಹಾಕಿ ಕೈಮುಗಿಯುವಾಗ ಮಕ್ಕಳಿಗೆ ಒಳಗೊಳಗೇ ಅನಿಸುವುದುಂಟು: ಇದು ನಮ್ಮ ಅಪ್ಪನ ಮುಖ ಅಲ್ಲ ಎಂದು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಎಂದು ಸಮಾಧಾನ ಮಾಡಿಕೊಳ್ಳಬೇಕಾಗುತ್ತದೆ. ಅವರು ಬದುಕಿದ್ದಾಗ ಅರ್ಧ ದಿನ ಬಿಡುವು ಮಾಡಿಕೊಂಡಿದ್ದರೆ ಈ ಕೊರತೆ ಬರುತ್ತಿರಲಿಲ್ಲ.

ಆದುದರಿಂದ ಫೋಟೋ ತೆಗೆಯುವವರನ್ನು ಆರಿಸುವಾಗ ಎರಡು ಮಾತು ನೆನಪಿನಲ್ಲಿಡಿರಿ. ಮೊದಲನೆಯದು, ಅವರು ಮನೆಯ ಹಿರಿಯರ ಮುಖವನ್ನು ಇದ್ದ ಹಾಗೆ ತೆಗೆದುಕೊಡುವರೇ? ಎರಡನೆಯದು, ಕೆಲಸ ಮುಗಿದ ಮೇಲೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಉಳಿದ ವಿಚಾರಗಳೆಲ್ಲ ಇವುಗಳ ಹಿಂದೆ ಬರತಕ್ಕವು.

ಹಿಂದಿನ ಕಾಲದಲ್ಲಿ

ನಮ್ಮ ಸೀಮೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ದರಬಾರಿನ ಹೆಸರಾಂತ ಛಾಯಾಚಿತ್ರಗಾರರು ರಾಜಾ ದೀನದಯಾಳರು. ೧೮೪೪ರಲ್ಲಿ ಹುಟ್ಟಿ ೧೯೦೫ರಲ್ಲಿ ತೀರಿಕೊಂಡ ಇವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ, ಅಮೀರ ಉಮರಾವರ ಚಿತ್ರ ತೆಗೆದರು. ಅವರ ಒಂದು ಕೆಲಸ ಇಂದಿಗೂ ಗಮನಿಸತಕ್ಕದ್ದು. ಗೋಷೆಯಲ್ಲಿದ್ದ ಹೆಂಗಸರು ಪರಪುರುಷರ ಮುಂದೆ ಕುಳಿತುಕೊಳ್ಳಲು ಸಂಕೋಚಪಡುತ್ತಿದ್ದುದರಿಂದ, ೧೮೯೨ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೋ ತೆರೆದು, ಅದರ ಕೆಲಸವನ್ನು ಒಬ್ಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ಎದುರಿಗೆ ಕುಳಿತವರಿಗೆ ಸಂಕೋಚವಿದ್ದರೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ಮುಖ ಅರಳುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಆ ಕಾಲದಲ್ಲಿ ಬಡವನ ಮನೆಗೆ ಫೋಟೋ ಎಂಬುದು ನಿಲುಕದ ಮಾತು. ನಮ್ಮ ಹಿರಿಯರಲ್ಲಿ ಹಲವರು ಮೊದಲ ಸಲ ಕ್ಯಾಮೆರಾದ ಮುಂದೆ ಕುಳಿತದ್ದು ೧೯೯೩ರಲ್ಲಿ ಚುನಾವಣಾ ಆಯೋಗವು ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಜಾರಿಗೆ ತಂದ ಮೇಲೆಯೇ. ಸರದಿಯಲ್ಲಿ ನಿಂತು, ಒಂದು ಕ್ಷಣ ಕುಳಿತು, ಎದ್ದು ಬಂದ ಚಿತ್ರ ಅದು. ಗುರುತು ಹಿಡಿಯಲು ಸಾಕು, ನೆನಪಿಗೆ ಸಾಲದು.

ಈಗ ಕೈಗೊಂದು ಮೊಬೈಲು ಬಂದಿದೆ. ದಿನಕ್ಕೆ ಹತ್ತು ಚಿತ್ರ ತೆಗೆಯುತ್ತೇವೆ. ಮೊಬೈಲು ಕೆಟ್ಟ ದಿನ ಹತ್ತು ವರ್ಷದ ಚಿತ್ರಗಳು ಒಟ್ಟಿಗೇ ಹೋಗುತ್ತವೆ. ದಿನನಿತ್ಯದ ಚಿತ್ರಕ್ಕೆ ಮೊಬೈಲು ಧಾರಾಳವಾಗಿ ಸಾಕು. ಗೋಡೆಯ ಮೇಲೆ ತೂಗುಹಾಕಿ ಮುಂದಿನ ಪೀಳಿಗೆಗೆ ಬಿಟ್ಟುಹೋಗುವ ಒಂದು ಚಿತ್ರಕ್ಕಾದರೂ ಕಸುಬು ಬಲ್ಲವರನ್ನು ಕರೆಯುವುದು ಮೇಲು.

ಯಾವಾಗ ತೆಗೆಸಬೇಕು

ಗಾಳಿ ಬಂದಾಗ ತೂರಿಕೊಳ್ಳಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಹಳ್ಳಿಗಳಿಂದ ದುಡಿಯಲು ಬೆಂಗಳೂರು, ಮಂಗಳೂರು, ಗೋವೆಗೆ ಹೋದವರು ವರ್ಷಕ್ಕೆ ಒಂದೆರಡು ಸಲ ಮಾತ್ರ ಊರಿಗೆ ಬರುತ್ತಾರೆ. ಎಲ್ಲರೂ ಕೂಡಿದಾಗಲೇ ಚಿತ್ರ ತೆಗೆಸಬೇಕು.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಪುಷ್ಯ ಮಾಸದಲ್ಲಿ ಬರುತ್ತದೆ. ಹೋದವರೆಲ್ಲ ಊರಿಗೆ ಬಂದಿರುತ್ತಾರೆ. ಪುಷ್ಯದಲ್ಲಿ ಮದುವೆಗಳು ಸಾಮಾನ್ಯವಾಗಿ ಇಲ್ಲದಿರುವುದರಿಂದ ಫೋಟೋ ತೆಗೆಯುವವರಿಗೂ ಬಿಡುವಿರುತ್ತದೆ. ಮುಹೂರ್ತದ ದಿನ ಮದುವೆಯಿಂದ ಮದುವೆಗೆ ಓಡುವವರು ನಿಮ್ಮ ಮನೆಗೆ ಕಾಲು ಗಂಟೆಯನ್ನೂ ಕೊಡಲಾರರು. ಬಿಡುವಿನ ದಿನ ಅವರು ನಿಧಾನವಾಗಿ ಕೆಲಸ ಮಾಡುವರು, ದರದಲ್ಲಿಯೂ ಸ್ವಲ್ಪ ಇಳಿಯುವರು. ಚಳಿಗಾಲದ ಬಿಸಿಲು ಬೇಸಿಗೆಯಷ್ಟು ನೆತ್ತಿಯ ಮೇಲೆ ಬರುವುದಿಲ್ಲವಾದ್ದರಿಂದ ಬೆಳಕೂ ಹಿತವಾಗಿರುತ್ತದೆ. ಕಾಲುವೆ ನೀರಿನ ಗಂಗಾವತಿ ಕಡೆಯವರು ಭತ್ತದ ಕೊಯ್ಲಿನ ಗಡಿಬಿಡಿ ಮುಗಿದ ವಾರವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಜಾತ್ರೆಯ ಬಯಲಿನಲ್ಲಿಯೇ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿಕೊಳ್ಳುವ ಚಿತ್ರ ಹುಡುಗರ ಸಂತೋಷಕ್ಕೆ ಸರಿ. ಮನೆತನದ ಚಿತ್ರವನ್ನು ಮನೆಯ ಕಟ್ಟೆಯ ಮೇಲೆಯೇ ತೆಗೆಸಿರಿ. ನಡೆಯಲಾರದ ಅಜ್ಜಿಯನ್ನು ಟಂಟಂನಲ್ಲಿ ಕುಲುಕಾಡಿಸಿ ತಾಲ್ಲೂಕಿನ ಊರಿಗೆ ಒಯ್ದರೆ ಆಕೆಯ ಮುಖದಲ್ಲಿ ದಣಿವೇ ಕಾಣಿಸುತ್ತದೆ.

ಆರಿಸುವಾಗ ನಾಲ್ಕು ಪರೀಕ್ಷೆಗಳು

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಮಾಡುವ ಮರದ ಗೊಂಬೆಯನ್ನು ಬಲ್ಲವರು ಕೊಳ್ಳುವಾಗ ಬಣ್ಣ ನೋಡಿದರೆ ಸಾಲದು, ಹಗುರವೋ ಭಾರವೋ ಎತ್ತಿ ನೋಡುತ್ತಾರೆ, ತಿರುವಿ ಬೆನ್ನು ನೋಡುತ್ತಾರೆ. ಹಾಗೆಯೇ ಫೋಟೋದವರ ಕೆಲಸವನ್ನೂ ತಿರುವಿ ನೋಡಬೇಕು.

ಮೊದಲನೆಯ ಪರೀಕ್ಷೆ. ಅಂಗಡಿಯ ಗಾಜಿನಲ್ಲಿ ತೂಗುಹಾಕಿದ ಮದುಮಗಳ ಚಿತ್ರ ನೋಡಿ ತೀರ್ಮಾನಿಸಬೇಡಿರಿ. ಅದು ನೂರರಲ್ಲಿ ಆರಿಸಿದ ಒಂದು. ಯಾವುದಾದರೊಂದು ಮನೆಯವರ ಪೂರ್ತಿ ಚಿತ್ರಗಳನ್ನು, ಅವರ ಒಪ್ಪಿಗೆಯಿದ್ದರೆ, ತೋರಿಸಿರೆಂದು ಕೇಳಿರಿ. ಮೊದಲನೆಯದರಿಂದ ಕೊನೆಯದರವರೆಗೆ ಕೆಲಸ ಒಂದೇ ಹದದಲ್ಲಿದೆಯೇ ನೋಡಿರಿ.

ಎರಡನೆಯ ಪರೀಕ್ಷೆ. ವಯಸ್ಸಾದವರ ಚಿತ್ರ ಕೇಳಿ ನೋಡಿರಿ. ಮುಖದ ಗೆರೆಗಳು ಇದ್ದ ಹಾಗೆ ಇವೆಯೇ? ಕಪ್ಪು ಮೈಬಣ್ಣದವರು ಕಪ್ಪಾಗಿಯೇ ಇದ್ದಾರೆಯೇ, ಇಲ್ಲವೆ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದಾರೆಯೇ? ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡುವುದು, ಸುಕ್ಕು ಅಳಿಸುವುದು ಇಂದು ಬಹಳ ಸುಲಭ. ಕೆಲವರು ಕೇಳದಿದ್ದರೂ ಮಾಡಿಬಿಡುತ್ತಾರೆ. ಎಪ್ಪತ್ತು ವರ್ಷ ಹೊಲದಲ್ಲಿ ದುಡಿದ ತಾಯಿಯ ಮುಖದ ಗೆರೆ ಆಕೆಯ ಗಳಿಕೆ. ಅದನ್ನು ಅಳಿಸಿದರೆ ಚಿತ್ರದಲ್ಲಿ ಉಳಿಯುವವಳು ಬೇರೊಬ್ಬಳು. ಬೆಳ್ಳಗೆ ಮಾಡಬೇಡಿ, ನುಣ್ಣಗೆ ಮಾಡಬೇಡಿ ಎಂದು ಮೊದಲೇ ಹೇಳಿರಿ. ಈ ಮಾತಿಗೆ ಸಂತೋಷದಿಂದ ಒಪ್ಪುವವರು ಕಸುಬು ಬಲ್ಲವರು.

ಮೂರನೆಯ ಪರೀಕ್ಷೆ. ಗುಂಪಿನ ಚಿತ್ರ ನೋಡಿರಿ. ಎರಡೂ ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗಿದಂತೆ ಕಂಡರೆ, ಚಿತ್ರ ತೆಗೆದವರು ತೀರ ಹತ್ತಿರ ನಿಂತು ಅಗಲ ನೋಟದ ಮಸೂರ ಬಳಸಿದ್ದಾರೆಂದು ತಿಳಿಯಬೇಕು. ಹಿಂದೆ ಸರಿದು ನಿಂತು ತೆಗೆದರೆ ಈ ದೋಷ ಬರುವುದಿಲ್ಲ. ಹಿಂದಿನ ಸಾಲಿನವರ ಮುಖವೂ ಮುಂದಿನ ಸಾಲಿನವರಷ್ಟೇ ಸ್ಪಷ್ಟವಾಗಿರಬೇಕು.

ನಾಲ್ಕನೆಯ ಪರೀಕ್ಷೆ ಮಾತಿನದು. ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಅಜ್ಜನೊಡನೆ ಎರಡು ಮಾತು ಆಡುವವರೇ, ಮಗು ಅತ್ತರೆ ತಾಳ್ಮೆಯಿಂದ ಕಾಯುವವರೇ ಎಂಬುದನ್ನು ಅವರಿಂದ ಮೊದಲು ತೆಗೆಸಿದ ಮನೆಯವರನ್ನು ಕೇಳಿದರೆ ತಿಳಿಯುತ್ತದೆ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ನಕ್ಕು ಅವಮಾನಿಸುವವರು ಬೇಡ. ಹೆಣ್ಣುಮಕ್ಕಳಿಗೆ ಸಂಕೋಚವಿದ್ದಲ್ಲಿ, ಈ ಕಸುಬಿನಲ್ಲಿರುವ ಹೆಂಗಸರು ಹತ್ತಿರದಲ್ಲಿ ಇದ್ದಾರೆಯೇ ಎಂದು ವಿಚಾರಿಸಿರಿ.

ಕ್ಯಾಮೆರಾದ ಬೆಲೆ ಎಷ್ಟು, ಯಾವ ಕಂಪನಿಯದು ಎಂದು ಕೇಳುವ ಅಗತ್ಯವಿಲ್ಲ. ರಂಟೆಯ ಬೆಲೆಯಿಂದ ಒಕ್ಕಲುತನ ಅಳೆಯುವವರುಂಟೇ?

ಮಾತು ಮೊದಲೇ ಮುಗಿಸಿರಿ

ಈ ಕೆಳಗಿನ ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿರಿ.

೧. ಒಟ್ಟು ಹಣ ಎಷ್ಟು, ಮುಂಗಡ ಎಷ್ಟು, ಊರಿಗೆ ಬಂದುಹೋಗುವ ಖರ್ಚು ಯಾರದು.

೨. ಎಷ್ಟು ಪ್ರಿಂಟು, ಯಾವ ಅಳತೆ, ಚೌಕಟ್ಟು ಸೇರಿದೆಯೇ ಇಲ್ಲವೇ.

೩. ಯಾವ ದಿನದೊಳಗೆ ಕೊಡುವರು. ದುಡಿಯಲು ಮರಳಿ ಹೋಗುವವರಿದ್ದರೆ ಅವರು ಹೊರಡುವ ಮೊದಲು ಸಿಗುವುದೇ.

೪. ಮೂಲ ಚಿತ್ರಗಳನ್ನು ಕುಗ್ಗಿಸದೆ, ಪೂರ್ಣ ಅಳತೆಯಲ್ಲಿ ಪೆನ್‌ಡ್ರೈವಿನಲ್ಲಿ ಕೊಡುವರೇ.

೫. ನಿಮ್ಮ ಚಿತ್ರವನ್ನು ಅಂಗಡಿಯ ಜಾಹೀರಾತಿಗೆ ಬಳಸುವರೇ. ಮನೆಯ ಹೆಣ್ಣುಮಕ್ಕಳ, ಮಕ್ಕಳ ಚಿತ್ರವಿರುವುದರಿಂದ ಇದನ್ನು ಕೇಳಲು ಹಿಂಜರಿಯಬೇಡಿರಿ.

ನಾಲ್ಕನೆಯ ಅಂಶ ಎಲ್ಲಕ್ಕಿಂತ ಮುಖ್ಯ. ಅಂಗಡಿ ಮುಚ್ಚಬಹುದು, ಅವರ ಕಂಪ್ಯೂಟರು ಕೆಡಬಹುದು. ಮೂಲ ನಿಮ್ಮಲ್ಲಿದ್ದರೆ ಇಪ್ಪತ್ತು ವರ್ಷದ ಮೇಲೆಯೂ ಹೊಸ ಪ್ರಿಂಟು ಹಾಕಿಸಬಹುದು. ಸಾಮಾನ್ಯವಾಗಿ ಇಂಚಿಗೆ ೩೦೦ ಚುಕ್ಕೆ ಇದ್ದರೆ ಪ್ರಿಂಟು ಸ್ಪಷ್ಟವಾಗಿ ಬರುತ್ತದೆ. ಆ ಲೆಕ್ಕದಲ್ಲಿ ೮ ಇಂಚು ಅಗಲ ೧೨ ಇಂಚು ಉದ್ದದ ಚಿತ್ರಕ್ಕೆ ೨,೪೦೦ಕ್ಕೆ ೩,೬೦೦, ಅಂದರೆ ಸುಮಾರು ೮೬ ಲಕ್ಷ ಚುಕ್ಕೆ ಬೇಕು. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಿಂದ ಕಳಿಸಿದ ಚಿತ್ರ ಕುಗ್ಗಿಹೋಗುತ್ತದೆ. ಮೊಬೈಲಿನಲ್ಲಿ ಚೆನ್ನಾಗಿ ಕಂಡರೂ ಗೋಡೆಯ ಅಳತೆಗೆ ಸಾಲುವುದಿಲ್ಲ. ಕಳಿಸಲೇಬೇಕಾದಲ್ಲಿ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಿರಿ.

ಕಾಯಿದೆಯೂ ನಿಮ್ಮ ಕಡೆಗಿದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೧೭ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ. ಬೇರೆ ಕರಾರು ಇಲ್ಲದಿದ್ದರೆ ಎಂಬ ಮಾತಿನ ಮೇಲೆ ಲಕ್ಷ್ಯವಿಡಿರಿ. ಸಣ್ಣ ಅಕ್ಷರದ ಪಾವತಿಗೆ ಓದದೆ ಸಹಿ ಮಾಡಬೇಡಿರಿ. ಹಣ ಪಡೆದು ಒಪ್ಪಿದ ಕೆಲಸ ಕೊಡದಿದ್ದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ೧೯೧೫ ಎಂಬ ರಾಷ್ಟ್ರೀಯ ಸಹಾಯವಾಣಿಯಲ್ಲಿ ಸಲಹೆ ಸಿಗುತ್ತದೆ. ಚೀಟಿ ಬರೆದಿದ್ದರೆ ಬಹುತೇಕ ಅಲ್ಲಿಯವರೆಗೆ ಹೋಗುವ ಪ್ರಸಂಗವೇ ಬರುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ.

ಖರ್ಚು ಹೆಚ್ಚೆನಿಸಿದರೆ ಒಂದೇ ಓಣಿಯ ಐದಾರು ಮನೆಯವರು ಕೂಡಿರಿ. ಸ್ವಸಹಾಯ ಸಂಘದ ಸಭೆಯಲ್ಲಿ ವಿಷಯ ಎತ್ತಿರಿ. ಒಬ್ಬರನ್ನು ಒಂದೇ ದಿನ ಕರೆಸಿದರೆ ಬಂದುಹೋಗುವ ಖರ್ಚು ಹಂಚಿಹೋಗುತ್ತದೆ, ದರದ ಮಾತೂ ಒಗ್ಗಟ್ಟಿನಿಂದ ಆಗುತ್ತದೆ.

ತೆಗೆಸುವ ದಿನ

ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೆ ಸಂಜೆ ನಾಲ್ಕೂವರೆಯ ಮೇಲೆ ತೆಗೆಸಿರಿ. ನಡುಹಗಲಿನ ಬಿಸಿಲು ನೆತ್ತಿಯ ಮೇಲಿರುವುದರಿಂದ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಪಡಸಾಲೆಯ ನೆರಳು, ಬೇವಿನ ಮರದ ದಟ್ಟ ನೆರಳು ಉತ್ತಮ. ಎಲೆಗಳ ನಡುವಿನಿಂದ ಬಿಸಿಲಿನ ಚುಕ್ಕೆ ಮುಖದ ಮೇಲೆ ಬೀಳದಿರಲಿ.

ಬಾಡಿಗೆಯ ಕೋಟು, ಸಿಂಹಾಸನ ಬೇಕಿಲ್ಲ. ಅಜ್ಜ ನಿತ್ಯ ಸುತ್ತುವ ರುಮಾಲು, ಅಜ್ಜಿಗೆ ಪ್ರೀತಿಯ ಇಳಕಲ್ ಸೀರೆ ಸಾಕು. ಕನ್ನಡಕ ಹಾಕಿಕೊಳ್ಳುವವರು ಹಾಕಿಕೊಂಡೇ ಇರಲಿ.

ಮನೆಮಂದಿ ಎಂದರೆ ಯಾರು ಎಂಬುದನ್ನೂ ಯೋಚಿಸಿರಿ. ವಿಧವೆಯಾದ ಅತ್ತೆಯನ್ನು ಬದಿಗೆ ನಿಲ್ಲಿಸುವುದು, ಕೊಟ್ಟ ಮನೆಯಿಂದ ಬಂದ ಮಗಳನ್ನು ಬಿಡುವುದು, ಅಂಗವಿಕಲ ತಮ್ಮನನ್ನು ಒಳಗೇ ಕೂಡಿಸುವುದು ನಡೆಯುತ್ತದೆ. ಐವತ್ತು ವರ್ಷದ ನಂತರ ಆ ಚಿತ್ರದಲ್ಲಿ ಇಲ್ಲದವರು ಮನೆತನದ ನೆನಪಿನಲ್ಲಿಯೂ ಇರುವುದಿಲ್ಲ. ಹಿರಿಯರನ್ನು ನಡುವೆ ಕೂಡಿಸಿರಿ, ಉಳಿದವರು ಸುತ್ತ ಸೇರಲಿ.

ಗುಂಪಿನಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚುವುದು ಸಹಜ. ಆಸ್ಟ್ರೇಲಿಯಾ ದೇಶದಲ್ಲಿ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬ ಇಬ್ಬರು ಇದನ್ನೇ ಲೆಕ್ಕ ಹಾಕಿ ೨೦೦೬ರಲ್ಲಿ ನಗೆಯ ನೊಬೆಲ್ ಎನಿಸಿದ ಇಗ್ ನೊಬೆಲ್ ಬಹುಮಾನ ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿದಷ್ಟು ಸಲ, ಬೆಳಕು ಕಡಿಮೆಯಿದ್ದರೆ ಎರಡರಿಂದ ಭಾಗಿಸಿದಷ್ಟು ಸಲ ತೆಗೆಯಬೇಕು ಎಂಬುದು ಅವರ ಸೂತ್ರ. ಹದಿನೈದು ಜನರಿಗೆ ಒಳ್ಳೆಯ ಬೆಳಕಿನಲ್ಲಿ ಐದು ಸಲ. ಒಂದೇ ಸಲ ತೆಗೆದು ಚೀಲ ಕಟ್ಟುವವರನ್ನು ತಡೆಯಿರಿ. ಅವರು ಹೊರಡುವ ಮೊದಲು ಚಿತ್ರವನ್ನು ದೊಡ್ಡದು ಮಾಡಿಸಿ ಪ್ರತಿಯೊಬ್ಬರ ಕಣ್ಣು ನೋಡಿರಿ.

ಗುಂಪಿನ ಚಿತ್ರ ಮುಗಿದ ಮೇಲೆ ಪ್ರತಿಯೊಬ್ಬ ಹಿರಿಯರ ಒಂಟಿ ಚಿತ್ರವನ್ನು ತಪ್ಪದೆ ತೆಗೆಸಿರಿ. ಊರಿಗೆ ಬರಲಾಗದವರನ್ನು, ತೀರಿಕೊಂಡವರನ್ನು ಕಂಪ್ಯೂಟರಿನಲ್ಲಿ ಪಕ್ಕಕ್ಕೆ ಸೇರಿಸಿ ಕೊಡುವುದೂ ಈಗ ರೂಢಿಯಲ್ಲಿದೆ. ತಾಯಿಗೆ ಅದರಿಂದ ಸಮಾಧಾನವಾದರೆ ಮಾಡಿಸಿರಿ. ಆದರೆ ಸೇರಿಸದ ಮೂಲವನ್ನೂ ಕಾದಿಡಿರಿ, ಸೇರಿಸಿದ್ದನ್ನು ಹಿಂಬದಿಯಲ್ಲಿ ಬರೆದಿಡಿರಿ.

ಕಾಪಾಡುವ ಬಗೆ

ತುಂಗಭದ್ರೆಯ ಆಚೆ ದಡದ ಹಂಪೆಯ ಗುಡಿಗಳನ್ನು ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ೧೯೮೩ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಚಿತ್ರಗಾರರು ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ನೂರ ಇಪ್ಪತ್ತೇಳು ವರ್ಷಗಳಲ್ಲಿ ಯಾವ ಗೋಪುರ ಹೇಗೆ ಬದಲಾಯಿತೆಂಬುದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಕಾಗದದ ಹಾಳೆ ಇಷ್ಟು ಕಾಲ ಬಾಳಿತೆಂದರೆ ಅದನ್ನು ಜೋಪಾನವಾಗಿ ಇಟ್ಟವರಿದ್ದರು ಎಂದರ್ಥ. ನಮ್ಮ ಮನೆಯ ಚಿತ್ರವೂ ಜೋಪಾನ ಮಾಡಿದರೆ ಬಾಳುತ್ತದೆ.

ಅಗ್ಗದ ಶಾಯಿಯ ಪ್ರಿಂಟು ಬಿಸಿಲಿಗೆ ಬೇಗ ಮಾಸುತ್ತದೆ. ಲ್ಯಾಬಿನಲ್ಲಿ ಫೋಟೋ ಕಾಗದದ ಮೇಲೆ ಹಾಕಿದ್ದನ್ನೇ ಕೇಳಿ ಪಡೆಯಿರಿ. ಚಿತ್ರ ಗಾಜಿಗೆ ನೇರವಾಗಿ ತಗಲಿದರೆ ತೇವದಿಂದ ಅಂಟಿಕೊಳ್ಳುತ್ತದೆ. ನಡುವೆ ರಟ್ಟಿನ ಅಂಚು ಹಾಕಿಸಿರಿ. ಬಿಸಿಲು ಬೀಳುವ ಗೋಡೆ, ಮಳೆಗಾಲದಲ್ಲಿ ಹಸಿಯಾಗುವ ಗೋಡೆ, ಒಲೆಯ ಹೊಗೆ ತಾಗುವ ಗೋಡೆ ಬೇಡ. ಕುಂಕುಮ ವಿಭೂತಿಯನ್ನು ಗಾಜಿನ ಮೇಲೆ ಹಚ್ಚಿರಿ, ಚಿತ್ರದ ಮೇಲೆ ಹಚ್ಚಬೇಡಿರಿ.

ಹಿಂಬದಿಯ ಅಂಚಿನಲ್ಲಿ ಮೆದು ಪೆನ್ಸಿಲಿನಿಂದ ಊರು, ದಿನಾಂಕ, ಎಡದಿಂದ ಬಲಕ್ಕೆ ಎಲ್ಲರ ಹೆಸರು, ಸಂಬಂಧ ಬರೆಯಿರಿ. ಇಂದು ಎಲ್ಲರಿಗೂ ಗೊತ್ತಿರುವ ಮುಖ ಮೂರನೆಯ ತಲೆಮಾರಿಗೆ ಯಾರದೋ ಆಗುತ್ತದೆ. ಬರೆದ ಹೆಸರೊಂದೇ ಅದನ್ನು ತಡೆಯಬಲ್ಲದು. ಮೂಲ ಚಿತ್ರಗಳನ್ನು ಮೂರು ಕಡೆ ಇಡಿರಿ: ಒಂದು ಊರಿನ ಮನೆಯಲ್ಲಿ, ಒಂದು ಪಟ್ಟಣದ ಮಗನಲ್ಲಿ, ಒಂದು ಮಗಳ ಮನೆಯಲ್ಲಿ. ಪೆನ್‌ಡ್ರೈವು ಶಾಶ್ವತವಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸಿರಿ.

ಪೆಟ್ಟಿಗೆಯಲ್ಲಿ ಹಿಂದಿನವರ ಕಪ್ಪುಬಿಳುಪು ಚಿತ್ರವಿದ್ದರೆ ಅದನ್ನು ಅಂಗಡಿಯಲ್ಲಿ ಬಿಟ್ಟುಬರಬೇಡಿರಿ. ಎದುರಿಗೇ ಸ್ಕ್ಯಾನ್ ಮಾಡಿಸಿಕೊಂಡು ಮರಳಿ ತನ್ನಿರಿ. ಬಣ್ಣ ತುಂಬಿಸಿದರೂ ಹಳೆಯ ಚಿತ್ರವನ್ನು ಎಸೆಯಬೇಡಿರಿ. ಇಂದಿನ ಕೃತಕ ಬುದ್ಧಿಯ ಯಂತ್ರಗಳು ಮಸುಕಾದ ಕಡೆ ಇಲ್ಲದ ಕಣ್ಣು ಮೂಗು ಹುಟ್ಟಿಸಿ ಕೊಡುತ್ತವೆ. ನೋಡಲು ಚೆಂದ, ಆದರೆ ಅದು ನಿಮ್ಮ ಮುತ್ತಜ್ಜನ ಮೂಗಲ್ಲ.

ಬಾಂಧವರೇ, ಮನೆಯಲ್ಲಿ ಎಪ್ಪತ್ತು ದಾಟಿದವರು ಯಾರಿದ್ದಾರೆ, ಅವರ ಒಂದು ಒಳ್ಳೆಯ ಚಿತ್ರ ಇದೆಯೇ ಎಂದು ಇಂದೇ ನೋಡಿರಿ. ಇಲ್ಲವಾದರೆ ಮುಂದಿನ ಹಬ್ಬಕ್ಕೆ ಯಾರು ಯಾರು ಬರುವರೆಂದು ಫೋನು ಮಾಡಿ ಕೇಳಿ, ದಿನ ಗೊತ್ತುಮಾಡಿರಿ. ಫೋಟೋದವರನ್ನು ಆಮೇಲೆ ಹುಡುಕಿದರೂ ನಡೆಯುತ್ತದೆ. ಹಿರಿಯರು ಮಾತ್ರ ನಮಗಾಗಿ ಕಾಯುತ್ತ ಕೂಡಲಾರರು.